ಆಯುಸ್ಸಿನ ಅಂಗಿ

ಬಳ್ಳಾರಿ
10 ಜೂನ್ 2024

ಮಂಜುಳಕ್ಕ,

ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ. ಎಂಬತ್ತೆಂಟು ತುಂಬಿದ ದಿನ ತೆಗೆದ ನಿಮ್ಮ ಫೋಟೋವನ್ನು ನಿಮ್ಮ ಮೊಮ್ಮಗಳು ತೇಜಶ್ರೀ ಕಳಿಸಿದ್ದಳು. ಏನು ನೆಟ್ಟಗೆ ಕೂತಿದ್ದೀರಿ! ಅದನ್ನು ಇಡೀ ಬೀದಿಗೆ ತೋರಿಸಿ ಬಂದೆ. ಪಕ್ಕದ ಮನೆಯಾಕೆ "ಇವ್ರು ನಿಮ್ ತಂಗಿ ಏನ್ರೀ?" ಎಂದಳು. ನನಗಿಂತ ಹನ್ನೆರಡು ವರ್ಷ ದೊಡ್ಡವರು ನೀವು. ಹೊಟ್ಟೆಯೂ ಉರಿಯಿತು, ಸಂತೋಷವೂ ಆಯಿತು.

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಾನು ಕೂಗಿದರೆ ಇಲ್ಲಿ ಮಗಳು ಕಮರುನ್ನೀಸಾಳ ಮನೆಯವರೆಲ್ಲ ಏನೋ ಅನಾಹುತವಾಯಿತೆಂದು ಓಡಿಬರುತ್ತಾರೆ. ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡಿ, ಕೆಲಸದ ಊಟದ ಬಿಡುವಿನಲ್ಲಿ ಕನ್ನಡ ಬರೆಯಲು ಕಲಿಸಿದವರು ನೀವೇ.

ಒಳ್ಳೆಯ ಸುದ್ದಿ ಇದೆ. ಕಮರುನ್ನೀಸಾಳ ಮಗಳು ನಾಜಿಶ್ ಬಸುರಿ. ಐದು ತಿಂಗಳಾಯಿತು. ನಾನು ಮುತ್ತಜ್ಜಿಯಾಗುತ್ತಿದ್ದೇನೆ, ಊಹಿಸಿ! ಈಗ ನನ್ನ ಬೇಡಿಕೆ. ಮಗುವಿನ ಮೊದಲ ಅಂಗಿ ಅಂಗಡಿಯ ಹೊಸ ಬಟ್ಟೆಯದಾಗಬಾರದು, ತುಂಬುಕಾಲ ಬಾಳಿದವರ ಹಳೇ ಬಟ್ಟೆಯಲ್ಲಿ ಹೊಲಿಯಬೇಕು. ಅವರ ಆಯುಸ್ಸು ಮಗುವಿಗೂ ಹತ್ತಲಿ ಅಂತ. ನಿಮ್ಮಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಕಮರುನ್ನೀಸಾ ಹುಟ್ಟಿದಾಗ ನಿಮ್ಮ ಅತ್ತೆಯ ಸೀರೆ ತಂದುಕೊಟ್ಟಿರಲ್ಲ, ಮರೆತಿಲ್ಲ ತಾನೇ? ನಮ್ಮ ಮನೆತನದಲ್ಲಿ ಎಂಬತ್ತು ದಾಟಿದವರೇ ಇಲ್ಲ. ನಿಮ್ಮದೊಂದು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ ಕಳಿಸಿ. ಹರಿದಿದ್ದರೂ ಸರಿ.

ನಿನ್ನೆ ನಾಜಿಶಳಿಗೆ ನಿಮ್ಮ ಕಥೆಯನ್ನೇ ಹೇಳುತ್ತಿದ್ದೆ. ವಿಮಾನಪುರದಲ್ಲಿ ನಾವು ವಿಮಾನದ ಸೀಟಿಗೆ ಬಟ್ಟೆ ಹೊಲಿಯುತ್ತಿದ್ದ ಆ ಶೆಡ್ಡು, ಸೂಜಿ ಮುರಿದರೆ ತಕ್ಷಣ ಕೈ ಎತ್ತಬೇಕೆಂಬ ನಿಯಮ, ಚೂರೆಲ್ಲ ಸಿಗುವತನಕ ಮಿಷಿನ್ನು ನಿಲ್ಲಿಸಬೇಕೆಂಬುದು. ನಾನು ಸೇರಿದ ವಾರವೇ ಸೂಜಿ ಮುರಿಯಿತು. ಹೆದರಿ ಕಲ್ಲಾಗಿ ಕೂತಿದ್ದೆ, ಕೈ ಮೇಲೇಳಲೇ ಇಲ್ಲ. ನೀವು ಪಕ್ಕದ ಮಿಷಿನ್ನಿನಿಂದ ಎದ್ದು ಬಂದು ನನ್ನ ಕೈ ಹಿಡಿದು ಎತ್ತಿದಿರಿ. ಆಮೇಲೆ ನನ್ನ ಜೊತೆ ನೆಲಕ್ಕೆ ಕೂತು ಚೂರು ಹುಡುಕಿದಿರಿ. "ಅಂಥವರ ಸೀರೆ ಬೇಕೇ ಬೇಕು ನಾನಿ" ಎನ್ನುತ್ತಾಳೆ ನಾಜಿಶ್.

ನಿಮ್ಮ
ಮೆಹರು


ಜೋಗುಪಾಳ್ಯ
2 ಜುಲೈ 2024

ಮೆಹರೂ,

ನಿನ್ನ ಕಾಗದ ಬಂತು. ನಾಜಿಶಳ ಸುದ್ದಿ ಕೇಳಿ ಸಂತೋಷ. ಕಬ್ಬಿಣದ ಮಾತ್ರೆ ತಪ್ಪಿಸಬಾರದು ಅನ್ನು.

ನನ್ನದು ಹೇಳುವಂಥದ್ದೇನಿಲ್ಲ. ಬಾಯಿಗೆ ರುಚಿಯಿಲ್ಲ, ಎರಡು ತುತ್ತಿಗೇ ಸಾಕಾಗುತ್ತದೆ. ಇನ್ನೂ ಕತ್ತಲಿರುವಾಗಲೇ ಎಚ್ಚರವಾಗುತ್ತದೆ, ಮತ್ತೆ ನಿದ್ದೆಯಿಲ್ಲ. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ಹುಣ್ಣಿಮೆಗೆ ಬುದ್ಧ ವಿಹಾರಕ್ಕೆ ಹೋಗುವುದೂ ಬಿಟ್ಟೆ. ರೇಡಿಯೋವನ್ನು ಎದುರು ಮನೆಗೆ ಕೊಟ್ಟೆ. ಮಗ ಸುಗತ "ವಯಸ್ಸಾಯ್ತಲ್ಲಮ್ಮ, ಇಷ್ಟೇ" ಅಂತಾನೆ. ಹೌದು, ಇಷ್ಟೇ.

ನಿನ್ನ ಮಂಡಿ ನೋವು ಹೇಗಿದೆ?

ಮಂಜುಳ


ಬಳ್ಳಾರಿ
15 ಜುಲೈ 2024

ಮಂಜುಳಕ್ಕ,

ನಿಮ್ಮ ಕಾಗದವನ್ನು ಇಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನೋಡಿ, ಕಲಿಯಿರಿ ಎಂದೆ! ಎರಡು ತುತ್ತು ಊಟ. ಒಂದು ಹೊತ್ತು ಉಂಡವ ಯೋಗಿ ಎಂದು ನೀವೇ ಹೇಳುತ್ತಿದ್ದಿರಲ್ಲ? ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರ. ನಾನು ನಮಾಜಿಗೆ ಅಲಾರಂ ಇಟ್ಟುಕೊಂಡರೂ ಏಳಲು ಒದ್ದಾಡುತ್ತೇನೆ. ಮಾತು ಕಡಿಮೆ, ಆಸೆ ಕಡಿಮೆ, ಇರುವ ರೇಡಿಯೋವನ್ನೂ ಕೊಟ್ಟುಬಿಟ್ಟಿದ್ದೀರಿ. ನಿಮ್ಮ ಬುದ್ಧ ಹೇಳಿದ್ದೂ ಇದನ್ನೇ ಅಲ್ಲವೇ? ಎಂಬತ್ತೆಂಟರ ಗುಟ್ಟು ಈಗ ತಿಳಿಯಿತು ನೋಡಿ. ನಮ್ಮ ಪಕ್ಕದ ಮನೆಯಾಕೆ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ, ನಿಮ್ಮ ಹಾಗೆ ಆಗಬೇಕಂತೆ.

ನೀವು ನೂರು ದಾಟುತ್ತೀರಿ, ಬರೆದಿಟ್ಟುಕೊಳ್ಳಿ. ನನ್ನ ಮಣ್ಣಿಗೂ ನೀವೇ ಬರಬೇಕು.

ಸೀರೆ ಮರೆತಿರಿ. ವಯಸ್ಸಾಯಿತೆಂದು ನೆಪ ಹೇಳಬೇಡಿ, ನಿಮ್ಮ ಜ್ಞಾಪಕ ನನಗೆ ಗೊತ್ತಿಲ್ಲವೇ!

ನಿಮ್ಮ
ಮೆಹರು


ಜೋಗುಪಾಳ್ಯ
20 ಆಗಸ್ಟ್ 2024

ಮೆಹರೂ,

ತೇಜಶ್ರೀ ಕೈಲಿ ಕಮರ್ಷಿಯಲ್ ಸ್ಟ್ರೀಟಿನಿಂದ ಬಟ್ಟೆ ತರಿಸಿ ಕಳಿಸಿದ್ದೇನೆ. ಒಳ್ಳೆಯ ತೆಳು ಮಲ್ಲು ಬಟ್ಟೆ, ಮಗುವಿಗೆ ಚುಚ್ಚುವುದಿಲ್ಲ. ಒಮ್ಮೆ ನೀರಿಗೆ ಹಾಕಿ ಹೊಲಿ.

ಮಂಜುಳ


ಬಳ್ಳಾರಿ
3 ಸೆಪ್ಟೆಂಬರ್ 2024

ಮಂಜುಳಕ್ಕ,

ಪಾರ್ಸೆಲ್ ಬಂತು. ಹೊಸ ಮಲ್ಲು ಬಳ್ಳಾರಿಯಲ್ಲೂ ಸಿಗುತ್ತದೆ ಅಕ್ಕ. ನಾನು ಕೇಳಿದ್ದು ಅದನ್ನಲ್ಲ.

ಹೋಗಲಿ, ಮರೆತಿರಬೇಕು ಎಂದುಕೊಂಡಿದ್ದೆ. ಆದರೆ ಶಿವಾಜಿನಗರದಲ್ಲಿರುವ ನನ್ನ ಅಣ್ಣನ ಮಗ ಅಫ್ಜಲ್ ಮೊನ್ನೆ ಹಲಸೂರು ಮಾರ್ಕೆಟ್ಟಿನಲ್ಲಿ ತೇಜಶ್ರೀಯನ್ನು ಕಂಡನಂತೆ. ಅವಳೇ ಹೇಳಿದಳಂತೆ: ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಗೆ ಬಂದಾಗ ನೀವು ಟ್ರಂಕಿನ ಸೀರೆಗಳನ್ನೆಲ್ಲ ಎತ್ತಿ ಅವಳ ಮುಂದೆ ಹಾಕಿದಿರಂತೆ. ಅವಳು ದೊಡ್ಡ ಡಬರಿ ಕೊಡಲು ಬಂದರೆ "ಬೇಡ ಹೋಗಮ್ಮ" ಎಂದು ಬಾಗಿಲು ಹಾಕಿಕೊಂಡಿರಂತೆ.

ಪಾತ್ರೆಯವಳಿಗೆ ಟ್ರಂಕು ತುಂಬ ಸೀರೆ. ನನ್ನ ಮರಿಮಗುವಿಗೆ ಒಂದು ಚೂರು ಇಲ್ಲ.

ಇಪ್ಪತ್ತು ವರ್ಷ ಒಂದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಉಂಡೆವು. ನಿಮ್ಮ ಸೊಪ್ಪಿನ ಸಾರು ನನ್ನ ತಟ್ಟೆಗೆ, ನಮ್ಮ ಹಬ್ಬದ ಶೀರ್ ಕುರ್ಮಾ ನಿಮ್ಮ ಲೋಟಕ್ಕೆ. ಜನ ಏನೇನೋ ಅಂದರು, ನೀವು ತಿರುಗಿ ನೋಡಲಿಲ್ಲ. ಈಗ ಈ ವಯಸ್ಸಿನಲ್ಲಿ ನಿಮ್ಮ ಬಟ್ಟೆ ನಮ್ಮ ಮಗುವಿನ ಮೈಮೇಲೆ ಬರುವುದು ಸರಿಯಲ್ಲ ಅನ್ನಿಸಿತೇ? ಅಥವಾ ಮನೆಯವರು ಯಾರಾದರೂ ಏನಾದರೂ ಅಂದರೇ? ಅಂದಿದ್ದರೆ ಹೇಳಿಬಿಡಿ, ನಾನು ಸುಮ್ಮನಾಗುತ್ತೇನೆ. ಬರೆಯಲು ಕಲಿಸಿದವರಿಗೇ ಇಂಥ ಕಾಗದ ಬರೆಯಬೇಕಾಯಿತಲ್ಲ ಎಂದು ಕಣ್ಣಲ್ಲಿ ನೀರು ಬರುತ್ತಿದೆ.

ಮೆಹರುನ್ನೀಸಾ


ಜೋಗುಪಾಳ್ಯ
1 ಅಕ್ಟೋಬರ್ 2024

ಮೆಹರೂ,

ನಿನ್ನ ಪೂರ್ತಿ ಹೆಸರು ಬರೆದಿದ್ದೀಯ. ಅಷ್ಟು ಕೋಪ. ಉತ್ತರ ಬರೆಯಲು ಕೂತು ಕೂತು ತಿಂಗಳಾಯಿತು. ಬರೆಯಲು ಕೈಯೇ ಬರುತ್ತಿರಲಿಲ್ಲ, ಸೋಮಾರಿತನ ಅಂದುಕೋಬೇಡ. ಲೋಟ ಎತ್ತುವುದೂ ಒಂದು ಕೆಲಸ ಅನ್ನಿಸುತ್ತದೆ.

ಯಾರೂ ಏನೂ ಅಂದಿಲ್ಲ. ಸುಗತನಾಗಲೀ ತೇಜಶ್ರೀಯಾಗಲೀ ಅಂಥವರಲ್ಲ, ನಿನಗೂ ಗೊತ್ತು. ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ಅದಕ್ಕೇ ಹೇಳಲು ಇನ್ನೂ ನಾಚಿಕೆ.

ಬೆಳಗ್ಗೆ ಎಚ್ಚರವಾದಾಗ ನನಗೆ ಮೊದಲು ಬರುವ ಯೋಚನೆ, ಅಯ್ಯೋ, ಇವತ್ತೂ ಎದ್ದೆನಲ್ಲ ಎಂದು. ಪ್ರತಿದಿನ ಹೀಗೇ. ಯಾವಾಗ ಶುರುವಾಯಿತೋ ತಿಳಿಯದು. ಚಳಿಗಾಲದಲ್ಲಿ ಚಾಂದ್ ಬೀ ಹೋದ ಮೇಲಿರಬಹುದು. ಆ ಶೆಡ್ಡಿನವರಲ್ಲಿ ಉಳಿದಿರುವುದು ಈಗ ನೀನು, ನಾನು. ಆದರೆ ಅದೊಂದೇ ಕಾರಣ ಎಂದೂ ಹೇಳಲಾರೆ. ಅಳು ಬಂದರೆ ಅತ್ತು ಹಗುರಾಗುತ್ತಿದ್ದೆ. ಅಳುವೂ ಇಲ್ಲ. ಒಳಗೆ ಏನೂ ಇಲ್ಲ ಮೆಹರೂ.

ಇದರ ಮೇಲೆ ಜನ ಬರುತ್ತಾರೆ. "ಅಜ್ಜಿ, ನಿಮ್ ಗುಟ್ಟೇನ್ ಹೇಳಿ, ನಾವೂ ಮಾಡ್ತೀವಿ." ಕಾಲಿಗೆ ಬೀಳುತ್ತಾರೆ. ಏನು ಹೇಳಲಿ? ಎಲ್ಲರೂ ಕೈಮುಗಿಯುವ ವಸ್ತು ನನಗೆ ಬೇಡವಾಗಿದೆ ಎನ್ನಲೇ? ನೀನು ನನ್ನ ಕಾಗದವನ್ನು ಬೀದಿಗೆಲ್ಲ ಓದಿ ಹೇಳಿದೆ. ಅದನ್ನು ಓದಿದಾಗ ನಗು ಬರಬೇಕಿತ್ತು. ಬರಲಿಲ್ಲ. ಇವಳಿಗೂ ತಿಳಿಯಲಿಲ್ಲವಲ್ಲ ಎನ್ನಿಸಿತು. ತಪ್ಪು ನಿನ್ನದಲ್ಲ, ನಾನು ಹಾಗೇ ಬರೆದಿದ್ದೆ.

ಜುಲೈಯಲ್ಲಿ ನಮ್ಮ ಬೀದಿಯ ಟೈಲರನ ಸೊಸೆ ಹಸುಗೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ನಿಮ್ಮಷ್ಟೇ ವರ್ಷ ಬಾಳ್ಲಿ ಅಂತ ಒಂದ್ ಮಾತು ಹೇಳ್ಬಿಡಿ ಅಜ್ಜಿ" ಎಂದಳು. ಕೂಸು ನನ್ನ ಬೆರಳು ಹಿಡಿದುಕೊಂಡಿತು. ಎಷ್ಟು ಮಕ್ಕಳನ್ನು ಎತ್ತಿ ಆಡಿಸಿದವಳು ನಾನು! ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಬಾಯಿಗೆ ಆ ಮಾತೂ ಬರಲಿಲ್ಲ. ಅವಳು ಕಿವಿ ಕೇಳಿಸಲಿಲ್ಲವೆಂದುಕೊಂಡು ಮತ್ತೆ ಕೂಗಿದಳು. ಆ ದಿನವೇ ಟ್ರಂಕು ಖಾಲಿ ಮಾಡಿದೆ. ನಾಳೆ ಇನ್ನೊಬ್ಬರು ಬಂದು ಸೀರೆ ಕೇಳಿದರೆ ಇಲ್ಲ ಎನ್ನಬಹುದಲ್ಲ.

ನಿನ್ನ ಮಗುವಿಗೆ ಯಾಕೆ ಕಳಿಸಲಿಲ್ಲ ಎಂದು ಈಗಲಾದರೂ ತಿಳಿಯಿತೇ? ಈಗ ನನ್ನ ಹತ್ತಿರ ಉಳಿದಿರುವ ಹಳೆಯದು ಒಂದೇ, ಕಂದು ಅಂಚಿನ ಹಸಿರು ಸೀರೆ. ಮೈಮೇಲಿರುವುದು ಹೆಚ್ಚಾಗಿ ಅದೇ, ಬದಲಾಯಿಸಲು ಬೇಸರ. ಬೇಗ ಮುಗಿಯಲಿ ಎಂದುಕೊಂಡು ದಿನವೆಲ್ಲ ಅದನ್ನು ಉಟ್ಟು ಮಲಗಿರುತ್ತೇನೆ. ಅಂಥ ಸೀರೆಯನ್ನು ಕತ್ತರಿಸಿ ಹುಟ್ಟಿದ ಮಗುವಿಗೆ ಹೇಗೆ ತೊಡಿಸಲಿ? ನನ್ನ ಆಯುಸ್ಸು ಆ ಮಗುವಿಗೆ ಹತ್ತುವುದು ಬೇಡ.

ಇದನ್ನು ಯಾರಿಗೂ ಹೇಳಬೇಡ. ಸುಗತ ನೊಂದುಕೊಳ್ಳುತ್ತಾನೆ.

ಮಂಜುಳಕ್ಕ


ಬಳ್ಳಾರಿ
5 ಅಕ್ಟೋಬರ್ 2024

ನನ್ನ ಅಕ್ಕ,

ಹೇಳಬೇಡ ಎಂದಿರಿ. ಹೇಳಿಬಿಟ್ಟೆ. ಕಾಗದ ಓದಿ ಮುಗಿಸುವ ಮೊದಲೇ ತೇಜಶ್ರೀಗೆ ಫೋನು ಮಾಡಿದೆ. ಕೋಪ ಮಾಡಿಕೊಳ್ಳಿ, ಬೈಯಿರಿ, ಕೋಲು ಹಿಡಿದುಕೊಂಡು ಬಳ್ಳಾರಿಗೇ ಬನ್ನಿ. ನಾನು ಸಿದ್ಧ.

ಅವಳು ಆಫೀಸಿನಲ್ಲಿದ್ದಳು. "ಅಜ್ಜಿ ಎಲ್ರಿಗೂ ಚೆನ್ನಾಗಿದೀನಿ ಅಂತಾನೇ ಹೇಳ್ತಿದ್ರು, ನಾವೂ ನಂಬ್ಬಿಟ್ವಿ" ಎಂದು ಅತ್ತಳು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ನಿಮ್ಮ ಪಕ್ಕದಲ್ಲಿ ಕೂತಳಂತೆ. ನೀವು "ಯಾಕೆ ಬೇಗ ಬಂದೆ?" ಎಂದಿರಂತೆ. ನಿಮಗೆ ಈಗ ಕಾರಣ ಗೊತ್ತಾಯಿತು.

ಅಕ್ಕ, ಸೂಜಿ ಮುರಿದರೆ ಏನು ಮಾಡಬೇಕು? ಕೈ ಎತ್ತಬೇಕು. ನೀವು ಎತ್ತಿದಿರಿ, ಈ ಕಾಗದದಲ್ಲಿ. ಇಡೀ ಜೋಗುಪಾಳ್ಯ ನಿಮ್ಮನ್ನು ಪೂಜೆಗೆ ಕೂರಿಸಿರುವಾಗ, ನನಗೆ ಹೀಗಾಗಿದೆ ಎಂದು ಬರೆಯಲು ಎಷ್ಟು ಗಟ್ಟಿ ಎದೆ ಬೇಕು! ನನಗಂತೂ ಇರುತ್ತಿರಲಿಲ್ಲ. ನಾನು ಇಷ್ಟು ದಿನ ನಿಮ್ಮ ವಯಸ್ಸನ್ನು ಹೊಗಳುತ್ತಿದ್ದೆ. ವಯಸ್ಸು ಬೆಟ್ಟಕ್ಕೂ ಆಗುತ್ತದೆ. ಬೇಡವೆನ್ನಿಸಿದ ಒಂದೊಂದು ಬೆಳಗನ್ನೂ ಎದ್ದು, ಮುಖ ತೊಳೆದು, ಬಂದವರಿಗೆ ನೀರು ಕೊಟ್ಟು ಕಳಿಸಿದ್ದೀರಲ್ಲ, ಅದಕ್ಕೆ ಕೈಮುಗಿಯುತ್ತೇನೆ. ನೀವು ಎರಡು ತುತ್ತು ಉಂಡದ್ದನ್ನು ತಪಸ್ಸು ಎಂದು ಊರಿಗೆಲ್ಲ ಸಾರಿದ ನನ್ನ ತಲೆಗೆ ಏನೆನ್ನಲಿ? ಪಕ್ಕದ ಮನೆಯಾಕೆಗೆ ರಾತ್ರಿ ಊಟ ಮತ್ತೆ ಶುರುಮಾಡಿಸಿದ್ದೇನೆ.

ಡಾಕ್ಟರ ಹತ್ತಿರ ಹೋಗಿ. ಇದು ವಯಸ್ಸು ಎಂದು ಯಾರಾದರೂ ಅಂದರೆ, ಎಪ್ಪತ್ತಾರು ವರ್ಷದ ಮೆಹರು ದಿನಕ್ಕೆ ಮೂರು ಹೊತ್ತು ಉಂಡು ಗೊರಕೆ ಹೊಡೆಯುತ್ತಾಳೆ ಅನ್ನಿ.

ಇನ್ನು ಸೀರೆ. ಬೇರೆ ಯಾವುದೂ ಬೇಡ. ಆ ಹಸಿರು ಸೀರೆಯೇ ಬೇಕು. ನಿಮಗೆ ಕೊಡಬೇಕೆನ್ನಿಸಿದ ದಿನ ಕಳಿಸಿ. ಅನ್ನಿಸದಿದ್ದರೆ ಬೇಡ, ನಾನು ಇನ್ನು ಕೇಳುವುದಿಲ್ಲ.

ನಿಮ್ಮ
ಮೆಹರು


ಬಳ್ಳಾರಿ
29 ಅಕ್ಟೋಬರ್ 2024

ಅಕ್ಕ,

ನಿನ್ನೆ ಬೆಳಗ್ಗೆ ಹೆಣ್ಣು ಮಗು ಹುಟ್ಟಿತು. ಲೈಬಾ ಎಂದು ಹೆಸರು. ತಾಯಿ ಮಗು ಆರಾಮ. ಮೂಗು ನನ್ನದೇ, ಪಾಪ. ಆಸ್ಪತ್ರೆಯವರು ಕೊಟ್ಟ ಬಟ್ಟೆಯಲ್ಲಿ ಸುತ್ತಿದ್ದಾರೆ. ನಲವತ್ತನೆಯ ದಿನದ ಸ್ನಾನವಾಗುವವರೆಗೆ ನಮ್ಮಲ್ಲಿ ಬಾಣಂತಿ ಕೋಣೆಯಿಂದ ಮಗುವನ್ನು ಹೊರಗೆ ತರುವುದಿಲ್ಲ, ಹೊಲಿದ ಅಂಗಿಯನ್ನು ಅವತ್ತೇ ಹಾಕುವುದು. ಇದನ್ನು ಸುದ್ದಿಗಾಗಿ ಬರೆದೆ, ಕೇಳಿದ್ದಲ್ಲ.

ಊಟ ಮಾಡಿದಿರಾ?

ಮೆಹರು


ಜೋಗುಪಾಳ್ಯ
9 ನವೆಂಬರ್ 2024

ಮೆಹರೂ,

ಲೈಬಾ. ಕಾಗದದ ಮೇಲೆ ಆ ಹೆಸರನ್ನು ಎರಡು ಸಲ ಬರೆದು ನೋಡಿದೆ. ಚೆನ್ನಾಗಿದೆ.

ನಿನ್ನ ಮೇಲೆ ಮೂರು ದಿನ ಕೋಪವಿತ್ತು. ಆಮೇಲೆ ಕೋಪ ಬಂತಲ್ಲ ಎಂದೇ ಆಶ್ಚರ್ಯವಾಯಿತು. ಎಷ್ಟೋ ಕಾಲದಿಂದ ನನಗೆ ಅದೂ ಬಂದಿರಲಿಲ್ಲ.

ತೇಜಶ್ರೀ ಮತ್ತು ಸುಗತ ಕರೆದುಕೊಂಡು ಹೋದರು. ಫ್ರೇಜರ್ ಟೌನಿನಲ್ಲಿ ವಯಸ್ಸಾದವರಿಗೆಂದೇ ಒಬ್ಬ ಡಾಕ್ಟರು ಇದ್ದಾರೆ, ಮಾರಿಯಾ ಎಂದು. ನನಗೆ ಕೇಳಿಸದೆಂದು ಒಂದೊಂದು ಪ್ರಶ್ನೆಯನ್ನೂ ದಪ್ಪ ಅಕ್ಷರದಲ್ಲಿ ಬಿಳಿ ಹಲಗೆಯ ಮೇಲೆ ಬರೆದರು. ತಮಿಳಿನವರು, ಕಾಗುಣಿತ ತಪ್ಪುತ್ತದೆ. ನಾನು ಪೆನ್ನು ಇಸಿದುಕೊಂಡು ತಿದ್ದಿದೆ. ಅವರು ನಕ್ಕರು. "ಸಾಯ್ಬೇಕು ಅನ್ಸುತ್ತಾ?" ಎಂದು ಬರೆದರು, ನೇರವಾಗಿ. ಸುಗತನನ್ನು ಹೊರಗೆ ಕಳಿಸಿ ಎಂದೆ. ಕಳಿಸಿದ ಮೇಲೆ ಹೌದು ಎಂದೆ. ಅವರು ಬೆಚ್ಚಿ ಬೀಳಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು.

ರಕ್ತ ಪರೀಕ್ಷೆ ಎಲ್ಲ ಆಯಿತು. ಆಮೇಲೆ ಸುಗತನನ್ನು ಒಳಗೆ ಕರೆದು ಹೇಳಿದ್ದನ್ನು ತೇಜಶ್ರೀ ನನಗೆ ಬರೆದು ತೋರಿಸಿದಳು. "ವಯಸ್ಸು ಬೇರೆ ಸಾರ್, ಖಿನ್ನತೆ ಬೇರೆ. ಇದು ಕಾಯಿಲೆ, ವಾಸಿ ಆಗತ್ತೆ. ಹಿಂಗೇ ಬಿಟ್ರೆ ಊಟ ಹೋಗತ್ತೆ, ನಡಿಗೆ ಹೋಗತ್ತೆ, ಆಯುಸ್ಸನ್ನೂ ತಿನ್ನತ್ತೆ." ನೋಡು, ಗಟ್ಟಿ ಅಂತ ಎಲ್ಲರೂ ನಂಬಿದ್ದ ಆಯುಸ್ಸಿಗೇ ಗೆದ್ದಲು ಹಿಡಿದಿತ್ತು. ಸುಗತ ಆಟೋದಲ್ಲಿ ದಾರಿಯುದ್ದಕ್ಕೂ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದ, ಅರವತ್ತು ವರ್ಷದ ಗಂಡಸು.

ಮಾತ್ರೆ ಶುರುವಾಗಿ ನಾಲ್ಕು ವಾರ. ಮೊದಲು ಬರೀ ತಲೆಸುತ್ತು, ಏನೂ ಗುಣ ಕಾಣಲಿಲ್ಲ. ಬಿಟ್ಟುಬಿಡುತ್ತೇನೆ ಎಂದೆ. "ಅಜ್ಜಿ, ನಾಟಿ ಹಾಕಿದ್ ದಿನಾನೇ ತೆನೆ ಕೇಳ್ತೀರಾ?" ಎಂದು ತೇಜಶ್ರೀ ಗದರಿಸಿದಳು. ಈಗ ಬೆಳಗ್ಗೆ ಹಲಸೂರು ಕೆರೆಯತನಕ ಕೈ ಹಿಡಿದು ನಡೆಸುತ್ತಾಳೆ. ಕಿವಿಗೆ ಮಿಷಿನ್ನು ಹಾಕಿಸಿದ್ದಾರೆ, ಮೊದಲ ದಿನ ಬೀದಿಯ ಹಾರನ್ನು ಕೇಳಿ ಕಿತ್ತಿಡಬೇಕೆನ್ನಿಸಿತು. ಕೆಲವು ದಿನ ಚೆನ್ನ, ಕೆಲವು ದಿನ ಮೊದಲಿನಂತೆಯೇ ಗೋಡೆಗೆ ಮುಖ. ಸುಳ್ಳು ಹೇಳುವುದಿಲ್ಲ.

ಸೀರೆಯ ವಿಷಯ ಇನ್ನೂ ಆಗುತ್ತಿಲ್ಲ. ಒಗೆದು ಮಡಿಸಿಟ್ಟಿದ್ದೇನೆ, ಅಷ್ಟೇ.

ಮಂಜುಳಕ್ಕ


ಬಳ್ಳಾರಿ
16 ನವೆಂಬರ್ 2024

ಅಕ್ಕ,

ಡಾಕ್ಟರ ಕಾಗುಣಿತ ತಿದ್ದಿದಿರಂತೆ! ಓದಿ ಕುಣಿಯುವುದೊಂದು ಬಾಕಿ, ಮಂಡಿ ಬಿಡಲಿಲ್ಲ. ನನ್ನ ಅಕ್ಕ ವಾಪಸು ಬರುತ್ತಿದ್ದಾರೆ ಎಂದು ಕಮರುನ್ನೀಸಾಳಿಗೆ ಹೇಳಿದೆ.

ಗೋಡೆಗೆ ಮುಖ ಮಾಡಿದ ದಿನಗಳನ್ನೂ ಬರೆಯಿರಿ. ಚೂರೆಲ್ಲ ಸಿಗುವತನಕ ಹುಡುಕಬೇಕು, ನಿಮ್ಮದೇ ಮಾತು. ಅವಸರವಿಲ್ಲ. ಮಿಷಿನ್ನು ನಿಂತಿರಲಿ. ಅಂಗಿಗಾಗಿ ಯಾರೂ ಕಾಯುತ್ತಿಲ್ಲ.

ಇದು ಮಾತ್ರ ಸುಳ್ಳು. ನಾನು ಕಾಯುತ್ತಿದ್ದೇನೆ.

ಮೆಹರು


ಜೋಗುಪಾಳ್ಯ
30 ನವೆಂಬರ್ 2024

ಮೆಹರೂ,

ಮೊನ್ನೆ ಬೆಳಗ್ಗೆ ಎಚ್ಚರವಾದಾಗ ಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ಅಷ್ಟು ಹೊತ್ತು ಮಲಗಿದ್ದೆ. ಕಿವಿಯ ಮಿಷಿನ್ನು ಹಾಕಿಕೊಂಡೆ. ಒಳಗೆ ತೇಜಶ್ರೀ ಒಗ್ಗರಣೆ ಹಾಕಿದಳು, ಸಾಸಿವೆ ಸಿಡಿದ ಸದ್ದು ಕಿವಿಗೆ ಬಿತ್ತು. ಉಪ್ಪಿಟ್ಟು ಇರಬೇಕು, ಈರುಳ್ಳಿ ಸೀಯಿಸದಿದ್ದರೆ ಸಾಕು ಎಂದುಕೊಂಡೆ. ಮುಖ ತೊಳೆಯುವಾಗ ಹೊಳೆಯಿತು, ಆ ಇನ್ನೊಂದು ಯೋಚನೆ ಅವತ್ತು ಬಂದೇ ಇಲ್ಲ. ನಿನ್ನೆ ಬಂತು, ಮತ್ತೆ ಹೋಯಿತು. ಬರುವುದಿದ್ದರೆ ಬರಲಿ, ಹೋಗುವುದೂ ಇದೆ ಎಂದು ಈಗ ತಿಳಿದಿದೆ.

ಉಪ್ಪಿಟ್ಟು ತಿಂದು ಹಸಿರು ಸೀರೆ ಹೊರಗೆ ತೆಗೆದೆ. ತುಂಬ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನನ್ನ ಅತ್ತೆ ಎಷ್ಟು ಕಷ್ಟಪಟ್ಟವರು, ನಿನಗೆ ಗೊತ್ತು. ಅವರ ಸೀರೆಯನ್ನು ಕಮರುನ್ನೀಸಾಳಿಗೆ ತಂದುಕೊಟ್ಟಾಗ ಅವರು ಅದನ್ನು ಉಟ್ಟು ಅತ್ತಿದ್ದರೋ ನಕ್ಕಿದ್ದರೋ ಎಂದು ನಾವು ಕೇಳಿದ್ದೆವೇ? ಬಾಳಿದ್ದರು, ಅಷ್ಟು ಸಾಕಾಗಿತ್ತು. ಈ ಸೀರೆ ಉಟ್ಟು ಮಲಗಿದ್ದೂ ನಾನೇ, ಇದನ್ನೇ ಉಟ್ಟು ಡಾಕ್ಟರ ಮುಂದೆ ಹೌದು ಎಂದವಳೂ ನಾನೇ. ಹಾಗಾಗಿ ಕತ್ತರಿ ಹಾಕಿದೆ.

ತೇಜಶ್ರೀ ಸೂಜಿಗೆ ದಾರ ಪೋಣಿಸಿಕೊಟ್ಟಳು. ಕೈಹೊಲಿಗೆ. ಗುಂಡಿ ಇಟ್ಟಿಲ್ಲ, ಲಾಡಿ ಇಟ್ಟಿದ್ದೇನೆ, ಮಗುವಿಗೆ ಒತ್ತುವುದಿಲ್ಲ. ಕಂಕುಳ ಹತ್ತಿರ ಹೊಲಿಗೆ ಸೊಟ್ಟಗಿದೆ. ಶೆಡ್ಡಿನಲ್ಲಾಗಿದ್ದರೆ ಬಿಚ್ಚಿಸುತ್ತಿದ್ದೆ, ನನ್ನದು ಎಂದು ಬಿಟ್ಟೆ. ಟೈಲರನ ಸೊಸೆ ನೋಡಿ "ನಮ್ ಪಾಪಂಗೂ ಒಂದು ಅಜ್ಜಿ" ಎಂದಳು. ಮಿಕ್ಕ ಬಟ್ಟೆಯಲ್ಲಿ ಅದಕ್ಕೂ ಹೊಲಿದೆ. ಅವತ್ತು ಹೇಳದೆ ಉಳಿದಿದ್ದ ಮಾತನ್ನೂ ಹೇಳಿದೆ.

ಪಾರ್ಸೆಲಿನಲ್ಲಿ ಎರಡು ಅಂಗಿ ಇವೆ. ಚಿಕ್ಕದು ನಲವತ್ತನೆಯ ದಿನಕ್ಕೆ. ಸ್ನಾನವಾದ ಮೇಲೆ ಹಾಕಿ, ನನ್ನ ಹೆಸರು ಹೇಳಿ. ದೊಡ್ಡದನ್ನು ನೋಡಿ ಅಳತೆ ತಪ್ಪಿದೆ ಎಂದುಕೊಳ್ಳಬೇಡ, ನನ್ನ ಕೈಗೆ ಅಷ್ಟೊಂದು ಮರೆವು ಬಂದಿಲ್ಲ. ಲೈಬಾ ಎದ್ದು ನಿಂತು ಹೆಜ್ಜೆ ಇಡುವ ಹೊತ್ತಿಗೆ ಅದು ಸರಿಯಾಗುತ್ತದೆ. ಅಲ್ಲಿಯತನಕ ಟ್ರಂಕಿನಲ್ಲಿ ಇಟ್ಟಿರು.

ಅದನ್ನು ನೀವು ಯಾರೂ ಹಾಕಬೇಡಿ. ನಾನೇ ಬಂದು ಹಾಕುತ್ತೇನೆ.

ಮಂಜುಳಕ್ಕ